ಕೂಡ್ಲಿಗಿಯಿಂದ ಹರಪನಹಳ್ಳಿಗೆ, ಸೋತ ಬ್ಯಾಟರಿ ಹೊತ್ತುಕೊಂಡು

ಬೆಂಗಳೂರಿನಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ನಾವು ಫೋನ್ ತೆಗೆಯುತ್ತೇವೆ. ಕೂಡ್ಲಿಗಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಜನ ಬರುತ್ತಾರೆ. ಬಂದವರು ಬರಿಗೈಯಲ್ಲಿ ಬರುವುದಿಲ್ಲ, ಒಬ್ಬೊಬ್ಬರೂ ಒಂದೊಂದು ರೋಗದ ಹೆಸರು ಹಿಡಿದುಕೊಂಡೇ ಬರುತ್ತಾರೆ.

ಮಾರ್ಚ್ ಕೊನೆ. ಸೋದರಮಾವನ ಮಗಳ ಲಗ್ನಪತ್ರಿಕೆ ಹಂಚಲು ನಾನೂ ಮಾಮನೂ ಹೊಸಪೇಟೆಯಿಂದ ಹೊರಟಿದ್ದೆವು. ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆ ಬಿಟ್ಟರೆ ಉಳಿದ ಐದರಲ್ಲೂ ಮಾಮನಿಗೆ ನೆಂಟರಿದ್ದಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಪತ್ರಿಕೆ ಹಂಚುವ ಪ್ರಯಾಣದಲ್ಲಿ ಊರು ನೋಡುವುದಕ್ಕಿಂತ ಜಗಲಿ ನೋಡುವುದೇ ಹೆಚ್ಚು. ಒಂದು ಮನೆ ಮುಂದೆ ಇಳಿ, ನೀರು ಕುಡಿ, ಚಹಾ ಬೇಡವೆನ್ನು, ಬೇಡವೆಂದರೂ ಕುಡಿ, ಕುಂಕುಮ ಹಚ್ಚಿ ಪತ್ರಿಕೆ ಕೊಡು, ಮತ್ತೆ ಕಾರು ಹತ್ತಿ ಎರಡು ಓಣಿ ದಾಟು, ಮತ್ತೆ ಇಳಿ. ಕಾರಿನ ಬ್ಯಾಟರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಅದು ಕೊಡುತ್ತಲೇ ಹೋಗುತ್ತದೆ. ಕೊಟ್ಟಿದ್ದನ್ನು ವಾಪಸ್ ತುಂಬಿಕೊಳ್ಳುವಷ್ಟು ದೂರ ಗಾಡಿ ಓಡುವುದೇ ಇಲ್ಲ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕಕ್ಕೆ ಕೈಮುಗಿದು, ನೆಂಟರ ಮನೆಗಳನ್ನು ಮುಗಿಸಿ, ಬಸ್ ನಿಲ್ದಾಣದ ಕಡೆ ಒಂದು ಅಂಗಡಿಯಲ್ಲಿ ಕೂತೆದ್ದು ಬಂದು ಕೀ ತಿರುವಿದೆ. ಬಾನೆಟ್ಟಿನೊಳಗಿಂದ ‘ಟಕ್ ಟಕ್ ಟಕ್ ಟಕ್’ ಎಂಬ ಸಪ್ಪಳ ಬಂತು, ಅಷ್ಟೇ. ಎಂಜಿನ್ ಅಲುಗಾಡಲಿಲ್ಲ.

“ಸೆಲ್ಫ್ ಹೋಗೈತ್ರಿ,” ಎಂದ ಒಬ್ಬ. “ಪೆಟ್ರೋಲ್ ಪಂಪಿಂದ ಎಣ್ಣಿ ಏರವಲ್ದು,” ಎಂದ ಇನ್ನೊಬ್ಬ. ಮೊಬೈಲು ಕೈಯಲ್ಲಿ ಹಿಡಿದ ಹುಡುಗನೊಬ್ಬ, ಈಗಿನ ಗಾಡಿಗಳಲ್ಲಿ ಎಲ್ಲ ಸೆನ್ಸರ್ ಇರುತ್ತೆ, ಲ್ಯಾಪ್‌ಟಾಪ್ ಹಾಕದೆ ಗೊತ್ತಾಗಲ್ಲ ಎಂದು ತೀರ್ಪು ಕೊಟ್ಟ. ಬೆಂಗಳೂರಿನ ಒಂದು ವರ್ಕ್‌ಶಾಪಿನವರೂ ಹಿಂದಿನ ವಾರ ಸೆಲ್ಫ್ ಮೋಟರ್ ಪೂರ್ತಿ ಬದಲಿಸಬೇಕೆಂದು ಸಾವಿರಗಳ ಲೆಕ್ಕ ಬರೆದುಕೊಟ್ಟಿದ್ದರು. ಆ ಚೀಟಿ ಇನ್ನೂ ಡ್ಯಾಶ್‌ಬೋರ್ಡಿನ ಮೇಲೇ ಇತ್ತು.

ಮಾಮ ಸೀಟಿನಿಂದ ಏಳಲಿಲ್ಲ. ಅವರು ಸರ್ಕಾರಿ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಬಸ್ಸಿಗೆ ಎರಡು ದೊಡ್ಡ ಬ್ಯಾಟರಿ, ಎರಡನ್ನೂ ಸಾಲಾಗಿ ಜೋಡಿಸಿ 24 ವೋಲ್ಟ್. ಅವುಗಳ ನಡುವೆ ಆಯುಷ್ಯ ಕಳೆದ ಮನುಷ್ಯನಿಗೆ ನನ್ನ ಕಾರಿನ ಪುಟ್ಟ ಬ್ಯಾಟರಿ ಒಂದು ಲೆಕ್ಕವೇ ಅಲ್ಲ.

“ಅಳಿಯಾ, ಹೆಡ್‌ಲೈಟ್ ಹಾಕು. ಹಾಕಿ ಕೀ ತಿರುವು.”

ಎದುರಿನ ಗೋಡೆಯ ಮೇಲೆ ಬಿದ್ದಿದ್ದ ಬೆಳಕು, ಕೀ ತಿರುವಿದ ಕೂಡಲೇ ಕೆಂಪಗಾಗಿ ಕುಗ್ಗಿತು. ಕೀ ಬಿಟ್ಟರೆ ಮತ್ತೆ ಬೆಳ್ಳಗೆ.

“ಆತು. ಇದು ಕರೆಂಟಿನ ಬರ. ಒಂದೋ ಬ್ಯಾಟರಿ, ಇಲ್ಲಾಂದ್ರ ಅದರ ಕನೆಕ್ಷನ್. ಸೆಲ್ಫಿಗೆ ಕೈ ಹಚ್ಚಬ್ಯಾಡ.”

ಕಾರಣ ಅವರು ಹೇಳಿದ್ದು ಹೀಗೆ. ಕೀ ತಿರುವಿದಾಗ ಮೊದಲು ಎಳೆದುಕೊಳ್ಳುವುದು ಸೆಲ್ಫಿನ ಮೇಲಿರುವ ಸೊಲೆನಾಯ್ಡ್. ಅದು ಒಂದು ಸ್ವಿಚ್ಚು, ಸ್ವಲ್ಪವೇ ಕರೆಂಟು ಸಾಕು. ಅದು ‘ಟಕ್’ ಎಂದು ಅಂಟಿಕೊಂಡ ಕ್ಷಣವೇ ಮೋಟರಿಗೆ ದಾರಿ ತೆರೆಯುತ್ತದೆ. ಮೋಟರು ಒಮ್ಮೆಲೇ ನೂರು, ನೂರೈವತ್ತು ಆಂಪಿಯರ್ ಕೇಳುತ್ತದೆ. ಬ್ಯಾಟರಿ ಕೊಡಲಾರದೆ ಕುಸಿಯುತ್ತದೆ, ಕುಸಿದಾಗ ಸೊಲೆನಾಯ್ಡಿನ ಹಿಡಿತವೂ ಬಿಡುತ್ತದೆ. ಬಿಟ್ಟ ಮೇಲೆ ಬ್ಯಾಟರಿ ಉಸಿರು ತೆಗೆದುಕೊಳ್ಳುತ್ತದೆ, ಸೊಲೆನಾಯ್ಡ್ ಮತ್ತೆ ಅಂಟುತ್ತದೆ, ಮತ್ತೆ ಬಿಡುತ್ತದೆ. ನಾವು ಕೇಳುವ ‘ಟಕ್ ಟಕ್ ಟಕ್’ ಈ ಜಗ್ಗಾಟದ್ದು. ಲೈಟು ಜೋರಾಗಿಯೇ ಇದ್ದು ಒಂದೇ ಒಂದು ಗಟ್ಟಿ ‘ಟಕ್’ ಕೇಳಿ ಸುಮ್ಮನಾದರೆ ಆಗ ಸೆಲ್ಫಿನ ಮೇಲೆ ಅನುಮಾನ ಪಡಬೇಕು. ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಎಂದರೆ ಪೆಟ್ರೋಲೋ ಸ್ಪಾರ್ಕೋ ನೋಡಬೇಕು, ಬ್ಯಾಟರಿಯ ತಪ್ಪೇನೂ ಇಲ್ಲ. ಕೀ ತಿರುವಿದರೂ ಸಪ್ಪಳವಿಲ್ಲ, ಮುಂದಿನ ದೀಪಗಳೂ ಸತ್ತಿವೆ ಎಂದರೆ ಬ್ಯಾಟರಿ ಪೂರ್ತಿ ಬರಿದಾಗಿದೆ ಅಥವಾ ಟರ್ಮಿನಲ್ ಕಳಚಿದೆ.

“ಲೈಟ್ ಉರೀತೈತಲ್ರೀ, ಹಾರ್ನೂ ಬರ್ತೈತಿ. ಬ್ಯಾಟರಿ ಚೊಲೋ ಐತಿ ಬಿಡ್ರಿ,” ಎಂದು ಸೆಲ್ಫ್ ಪಕ್ಷದವ ವಾದ ಬಿಡಲಿಲ್ಲ. ಈ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಹೆಡ್‌ಲೈಟಿನ ಒಂದು ಬಲ್ಬು 55 ವ್ಯಾಟಿನದು, ಐದು ಆಂಪಿಯರೂ ಕೇಳುವುದಿಲ್ಲ. ಸೆಲ್ಫ್ ಕೇಳುವುದು ಅದರ ಇಪ್ಪತ್ತು ಮೂವತ್ತು ಪಟ್ಟು. ಲೈಟು ಉರಿಯುವುದು ಯಾವುದಕ್ಕೂ ಸಾಕ್ಷಿಯಲ್ಲ. ಕೀ ತಿರುವಿದಾಗ ಅದೇ ಲೈಟು ಏನಾಗುತ್ತದೆ ಎಂಬುದಷ್ಟೇ ಸಾಕ್ಷಿ.

ವಾದ ಏನೇ ಇರಲಿ, ತಳ್ಳುವುದಕ್ಕೆ ಎಲ್ಲ ಪಕ್ಷದವರೂ ಕೈಹಚ್ಚಿದರು. ಕೀ ಆನ್ ಮಾಡಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದೆ. ಗಾಡಿ ಓಟ ಹಿಡಿದ ಮೇಲೆ ಕ್ಲಚ್ಚನ್ನು ಸರಕ್ಕನೆ ಬಿಟ್ಟಾಗ ಎಂಜಿನ್ ಒಂದು ಜಗ್ಗು ಜಗ್ಗಿ ಹತ್ತಿಕೊಂಡಿತು. ಒಂದನೇ ಗೇರಿನಲ್ಲಿ ಜಗ್ಗು ಹೆಚ್ಚಾಗಿ ಚಕ್ರ ಕಚ್ಚುತ್ತದೆ, ಮೂರನೆಯದರಲ್ಲಿ ಎಂಜಿನ್ ತಿರುಗುವಷ್ಟು ಬಲ ಸಿಗುವುದಿಲ್ಲ. ಆಟೊಮ್ಯಾಟಿಕ್ ಗಾಡಿಯವರಿಗೆ ಈ ಭಾಗ್ಯವೂ ಇಲ್ಲ. ತಳ್ಳಿದವರು ದುಡ್ಡು ಮುಟ್ಟಲಿಲ್ಲ, ಆದರೆ ಪತ್ರಿಕೆ ಕೇಳಿ ಇಸಿದುಕೊಂಡರು. ಮಾಮನ ಪಟ್ಟಿಯಲ್ಲಿ ನಾಲ್ಕು ಮನೆ ಹೆಚ್ಚಾದವು.

ಕೂಡ್ಲಿಗಿ ಬಿಟ್ಟು ಉಜ್ಜಿನಿಯ ಕಡೆ ತಿರುಗಿದರೆ ಎರಡೂ ಬದಿ ಕುರುಚಲು, ಬೋಳುಗುಡ್ಡ, ಕೊಯ್ಲು ಮುಗಿದ ಒಣಹೊಲ. ಇದೇ ತಾಲ್ಲೂಕಿನ ಗುಡೇಕೋಟೆಯ ಗುಡ್ಡಗಳಲ್ಲಿ ಕರಡಿಧಾಮವಿದೆ. ಆ ಬಂಡೆಗಳ ಬಿಸಿಗೆ ಕರಡಿಯೂ ಹಗಲು ಹೊರಬರುವುದಿಲ್ಲ. ಬಿಸಿಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬ್ಯಾಟರಿ ಕೈಕೊಡುವುದು ಚಳಿಯಲ್ಲಿ ಎಂದು ಓದಿದ್ದೇವೆ, ಹಾಗೆ ಬರೆದವರು ಚಳಿದೇಶದವರು. ನಮ್ಮ ಕಡೆ ಅದರ ಆಯುಷ್ಯ ತಿನ್ನುವುದು ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೇ ನಲವತ್ತು ಡಿಗ್ರಿ ದಾಟಿದಾಗ ಬಾನೆಟ್ಟಿನೊಳಗೆ ಎಷ್ಟಿರಬೇಕು? ಆಸಿಡ್ಡಿನೊಳಗಿನ ನೀರು ಆರುತ್ತದೆ, ಸೀಸದ ಜಾಲರಿ ಬೇಗ ಸವೆಯುತ್ತದೆ. ಉಷ್ಣ ಹತ್ತು ಡಿಗ್ರಿ ಏರಿದರೆ ಒಳಗಿನ ಸವೆತ ಸುಮಾರು ಇಮ್ಮಡಿ ಎಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ. “ಬ್ಯಾಟರಿ ಸಾಯೋದು ಏಪ್ರಿಲ್‌ನ್ಯಾಗ, ನಮಗ ಗೊತ್ತಾಗೋದು ಡಿಸೆಂಬರ್‌ನ್ಯಾಗ,” ಎಂದು ಡಿಪೋದಲ್ಲಿ ಮಾಮನ ಮೇಸ್ತ್ರಿ ಹೇಳುತ್ತಿದ್ದರಂತೆ. ನಮ್ಮದು ಡಿಸೆಂಬರ್ ದಾಟಿ ಮಾರ್ಚ್‌ತನಕ ಬಾಳಿದ್ದೇ ಹೆಚ್ಚು. ನಾಲ್ಕು ಬೇಸಿಗೆ ಕಂಡ ಬ್ಯಾಟರಿ ಅದು.

ಉಜ್ಜಿನಿ ವೀರಶೈವ ಪಂಚಪೀಠಗಳಲ್ಲಿ ಒಂದು. ಇಲ್ಲಿನ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ಜಾತ್ರೆಯಲ್ಲಿ ಎಣ್ಣೆ ಸುರಿಯುತ್ತಾರೆ, ಶಿಖರ ತೈಲಾಭಿಷೇಕವೆಂದೇ ಅದಕ್ಕೆ ಹೆಸರು. ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂಬ ಮಾತು ಈ ಸೀಮೆಯಲ್ಲಿ ಮಕ್ಕಳಿಗೂ ಬಾಯಿಪಾಠ. ಹೊರಗಿನಿಂದ ಸಾಧಾರಣವಾಗಿ ಕಾಣುವ ಗುಡಿಯೊಳಗೆ ಹೋಗಿ ತಲೆ ಎತ್ತಿದರೆ ಮಾತು ಸುಳ್ಳಲ್ಲ ಎಂದು ಗೊತ್ತಾಗುತ್ತದೆ. ಛತ್ತಿನ ಕೆತ್ತನೆ ನೋಡುತ್ತ ಕುತ್ತಿಗೆ ನೋಯಿಸಿಕೊಂಡು ಹೊರಬರುವಷ್ಟರಲ್ಲಿ ಮಾಮ ಆಗಲೇ ಬಾನೆಟ್ ಎತ್ತಿ ನಿಂತಿದ್ದರು.

“ಹೊರಗ ನೋಡಿದ್ರ ಹಂಪಿ,” ಎಂದರು ಬ್ಯಾಟರಿ ತೋರಿಸಿ. ನಿಜ, ಮೇಲ್ನೋಟಕ್ಕೆ ಅದು ಲಕಲಕ ಎನ್ನುತ್ತಿತ್ತು. ಸರ್ವಿಸಿಗೆ ಬಿಟ್ಟಾಗ ಯಾರೋ ಚೆನ್ನಾಗಿ ಒರೆಸಿದ್ದರು. ಹೋಟೆಲಿನಿಂದ ಒಂದು ಚೊಂಬು ಬಿಸಿನೀರು, ಅದಕ್ಕೊಂದು ಹಿಡಿ ಅಡುಗೆ ಸೋಡಾ, ಪಕ್ಕದ ಸೈಕಲ್ ಶಾಪಿನಿಂದ ಹತ್ತನೇ ನಂಬರ್ ಸ್ಪ್ಯಾನರು ಬಂದವು. ಬೀಡಿ ಸೇದುತ್ತ ಬಗ್ಗಿ ನೋಡುತ್ತಿದ್ದವನನ್ನು ಮಾಮ ಮೊದಲು ದೂರ ಕಳಿಸಿದರು. ಚಾರ್ಜ್ ಆಗುವಾಗ ಬ್ಯಾಟರಿ ಬಿಡುವುದು ಜಲಜನಕ, ಒಂದು ಕಿಡಿ ಸಾಕು.

ಮೈನಸ್ ಟರ್ಮಿನಲ್ಲನ್ನೇ ಮೊದಲು ಬಿಚ್ಚಿದರು. ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಕ್ಲಾಂಪು ಮೇಲೆ ಬಂದಾಗ ಅದರ ಒಳಮೈ ನೋಡಬೇಕಿತ್ತು. ಬೂದಿಬಣ್ಣದ ಪೊರೆ ಸುತ್ತಲೂ ಕಟ್ಟಿತ್ತು, ಒಂದು ಬದಿಗೆ ಹಸಿರು ಬೆರೆತ ಬಿಳಿ ಪುಡಿ. ಬ್ಯಾಟರಿಯ ಕಂಬಕ್ಕೂ ಅದೇ ಪೊರೆ. ಎರಡು ಲೋಹಗಳು ಮುಟ್ಟಿಕೊಂಡಂತೆ ಕಾಣುತ್ತಿದ್ದವೇ ಹೊರತು ನಿಜವಾಗಿ ಮುಟ್ಟುತ್ತಿದ್ದದ್ದು ಉಗುರಗಲದ ಜಾಗದಲ್ಲಿ ಮಾತ್ರ. ಸೋಡಾನೀರು ಹೊಯ್ದಾಗ ಪುಡಿ ಬುರುಬುರು ನೊರೆ ಎದ್ದು ಕರಗಿತು. ಹಳೆಯ ಬ್ಲೇಡಿನಿಂದ ಕೆರೆದಂತೆ ಒಳಗಿನಿಂದ ಸೀಸದ ಹೊಳಪು ಎದ್ದುಬಂತು. ಒರೆಸಿ, ಪ್ಲಸ್ ಮೊದಲು ಹಾಕಿ, ಮೈನಸ್ ಆಮೇಲೆ ಬಿಗಿದು, ಮೇಲೆ ವ್ಯಾಸಲಿನ್ ಸವರಿದರು. ಮೈನಸ್ ವೈರಿನ ಇನ್ನೊಂದು ತುದಿ ಬಾಡಿಗೆ ಕೂಡುವ ಅರ್ತಿಂಗ್ ಬೋಲ್ಟನ್ನೂ ಒಂದು ಸುತ್ತು ಬಿಗಿದರು. ಇದನ್ನು ನೋಡುವವರೇ ಕಡಿಮೆ. ಅದೊಂದು ಸಡಿಲವಿದ್ದರೂ ಹೊಸ ಬ್ಯಾಟರಿ ಹಾಕಿದ ಮರುದಿನವೇ ಅದೇ ಟಕ್ ಟಕ್.

ಕೀ ತಿರುವಿದರೆ ಸೋಮಾರಿಯಾಗಿಯಾದರೂ ಎಂಜಿನ್ ತಿರುಗಿತು, ಸ್ಟಾರ್ಟ್ ಆಯಿತು. ನಾನು ಗೆದ್ದೆವೆಂದುಕೊಂಡೆ. “ಸ್ಟಾರ್ಟ್ ಆಗಾದ್ ಬ್ಯಾರೆ, ವಾಸಿ ಆಗಾದ್ ಬ್ಯಾರೆ. ಕೊಟ್ಟೂರಾಗ ಮೀಟರ್ ಇಡಸೂಣ,” ಎಂದರು ಮಾಮ.

ಕೊಟ್ಟೂರಿಗೆ ಬಂದು ಕೊಟ್ಟೂರೇಶ್ವರನ ದರ್ಶನ ಮಾಡದೆ ಬೇರೆ ಕೆಲಸಕ್ಕೆ ಹೋಗುವಂತಿಲ್ಲ. ಗುಡಿ ಮುಂದಿನ ಬೀದಿಯಲ್ಲಿ ಹೂವು, ಕಾಯಿ, ಮಂಡಕ್ಕಿ. ಜಾತ್ರೆ ಆಗಿ ಸ್ವಲ್ಪ ದಿನವಾಗಿತ್ತು. 2017ರ ಫೆಬ್ರವರಿಯ ಜಾತ್ರೆಯಲ್ಲಿ ಇದೇ ಊರಿನ ತೇರು ಉರುಳಿಬಿದ್ದದ್ದು ಓದುಗರಿಗೆ ನೆನಪಿರಬಹುದು. ಆ ದಿನದ ಮಾತು ಎತ್ತಿದರೆ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಕೆಟ್ಟ ಮೇಲೆ ಕಾರಣ ಹೇಳುವವರು ಬಹಳ, ಕೆಡುವ ಮೊದಲು ಅಡಿಗೆ ಬಗ್ಗಿ ನೋಡುವವರು ಕಡಿಮೆ. ಇದು ತೇರಿಗೂ ಸೈ, ಕಾರಿಗೂ ಸೈ.

ಆಟೋ ಎಲೆಕ್ಟ್ರಿಕಲ್ ಅಂಗಡಿಯ ಹುಡುಗ ಇಪ್ಪತ್ತೈದರ ಆಸುಪಾಸಿನವನು. ಮಾಮ ಡಿಪೋದವರೆಂದು ತಿಳಿದ ಮೇಲೆ ಸ್ಟೂಲು ಒರೆಸಿ ಹಾಕಿದ. ಮೀಟರ್ ಇಡುವ ಮೊದಲು ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ ಆರಿಸಿದ. ಈಗಷ್ಟೇ ಓಡಿ ಬಂದ ಗಾಡಿಯ ಬ್ಯಾಟರಿಗೆ ಮೇಲ್ಮೈಯಲ್ಲಿ ಒಂದಿಷ್ಟು ಚಾರ್ಜು ನಿಂತಿರುತ್ತದೆ, ಅದನ್ನು ಇಳಿಸದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಆಮೇಲೆ ತೋರಿಸಿತು 12.2 ವೋಲ್ಟ್. ಬ್ಯಾಟರಿ 12 ವೋಲ್ಟಿನದು ಎಂದು ಬರೆದಿರುತ್ತದೆ, ಅಂದಮೇಲೆ 12.2 ಒಳ್ಳೆಯದೇ ಅಲ್ಲವೇ ಎನಿಸಬಹುದು. ಅಲ್ಲ. ಒಳಗೆ ಆರು ಸೆಲ್ಲುಗಳಿವೆ, ಒಂದೊಂದೂ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಪೂರ್ತಿ ತುಂಬಿದ ಬ್ಯಾಟರಿ 12.6ಕ್ಕಿಂತ ಮೇಲಿರಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕೆ ಇಳಿದರೆ ಕಾಲುಭಾಗ ಉಳಿದಿದೆ ಎಂದರ್ಥ. ಸುಮಾರು ಅರ್ಧ ವೋಲ್ಟಿನಲ್ಲೇ ಎಲ್ಲ ಆಟ.

“ಸ್ಟಾರ್ಟ್ ಮಾಡ್ರಿ ಸರ.” ಕೀ ತಿರುವಿದೆ. ಎಂಜಿನ್ ತಿರುಗುವಾಗ ಮುಳ್ಳು 8.9ಕ್ಕೆ ಬಿತ್ತು. ಒಂಬತ್ತೂವರೆಗಿಂತ ಕೆಳಗೆ ಹೋಗಬಾರದಿತ್ತು. ಸ್ಟಾರ್ಟ್ ಆದ ಮೇಲೆ 14.2, ಹೆಡ್‌ಲೈಟು, ಏಸಿ ಎಲ್ಲ ಹಾಕಿದರೂ 13.8. “ಡೈನಮೋ ಚೊಲೋ ಐತ್ರಿ ಯಜಮಾನ್ರ,” ಎಂದ. ಅದು ಡೈನಮೋ ಅಲ್ಲ, ಆಲ್ಟರ್ನೇಟರ್. ಆದರೆ ಈ ಕಡೆ ಎಲ್ಲರ ಬಾಯಲ್ಲೂ ಡೈನಮೋನೇ, ಮಾಮನ ಬಾಯಲ್ಲೂ. ಓಡುವಾಗ 13.5ಕ್ಕಿಂತ ಕೆಳಗಿದ್ದರೆ ಬೆಲ್ಟು ಸಡಿಲವೋ, ಕಾರ್ಬನ್ ಬ್ರಷ್ ಸವೆದಿದೆಯೋ ನೋಡಬೇಕಾಗುತ್ತಿತ್ತು. ಆಗ ಹೊಸ ಬ್ಯಾಟರಿ ಹಾಕಿದರೂ ವಾರದಲ್ಲಿ ಅದೂ ಮಲಗುತ್ತಿತ್ತು.

ಮುಂದಿನದು ನನಗೆ ಹೊಸದು. ‘ಮೇಂಟೆನೆನ್ಸ್ ಫ್ರೀ’ ಎಂದು ಬರೆದ ಸ್ಟಿಕ್ಕರಿನ ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎತ್ತಿದ. ಕೆಳಗೆ ಸಾಲಾಗಿ ಆರು ಮುಚ್ಚಳ! ಗಾಜಿನ ಹೈಡ್ರೋಮೀಟರ್ ಇಳಿಬಿಟ್ಟು ರಬ್ಬರ್ ಬುರುಡೆ ಒತ್ತಿ ಬಿಟ್ಟ. ಆಸಿಡ್ ಮೇಲೇರಿತು, ಒಳಗಿನ ತೇಲುಗುಂಡು ನಿಂತಿತು. 1230. ಎರಡನೆಯದು 1225. ಮೂರು, ನಾಲ್ಕು, ಹೆಚ್ಚುಕಡಿಮೆ ಅಷ್ಟೇ. ಐದನೆಯದಕ್ಕೆ ಗುಂಡು ಮುಳುಗಿಯೇ ಹೋಯಿತು, 1140. ಮಾಮ ಸ್ಟೂಲಿನಿಂದ ಎದ್ದು ಬಂದು ಕನ್ನಡಕ ಹಾಕಿಕೊಂಡು ನೋಡಿದರು. ತುಂಬಿದ ಬ್ಯಾಟರಿಯಲ್ಲಿ ಆಸಿಡ್ಡಿನ ಈ ಸಾಂದ್ರತೆ 1265ರಿಂದ 1280ರವರೆಗೆ ಇರಬೇಕು. ಎಲ್ಲ ಸೆಲ್ಲೂ ಒಟ್ಟಿಗೆ ಕಡಿಮೆ ತೋರಿಸಿದರೆ ಚಾರ್ಜಿನ ಕೊರತೆ, ಚಾರ್ಜಿಗೆ ಹಾಕಿದರೆ ಏಳುತ್ತದೆ. ಒಂದೇ ಸೆಲ್ಲು ಉಳಿದವುಗಳಿಗಿಂತ ಐವತ್ತಕ್ಕೂ ಹೆಚ್ಚು ಅಂಶ ಹಿಂದೆ ಬಿದ್ದರೆ ಆ ಸೆಲ್ಲು ಹೋಗಿದೆ. ಆರೂ ಸರಪಳಿಯಲ್ಲಿ ಇರುವುದರಿಂದ ಒಂದು ಹೋದರೆ ಇಡೀ ಬ್ಯಾಟರಿಯೇ ಹೋದಂತೆ.

ಸೆಲ್ಲು ಹೋದದ್ದು ಯಾಕೆ? ಹುಡುಗ ಮೈನಸ್ ವೈರು ಬಿಚ್ಚಿ ನಡುವೆ ಆಂಪಿಯರ್ ಮೀಟರ್ ಸೇರಿಸಿ, ಗಾಡಿ ಲಾಕ್ ಮಾಡಿ, “ಅರ್ಧ ತಾಸು ಬಿಡ್ರಿ, ಗಾಡಿಯೊಳಗಿನ ಕಂಪ್ಯೂಟರ್ ಮಲಗಬೇಕು,” ಎಂದ. ಆ ಅರ್ಧ ತಾಸು ನಾವು ಒಗ್ಗರಣೆ ಮಂಡಕ್ಕಿ, ಮಿರ್ಚಿಗೆ ಕೊಟ್ಟೆವು. ಕೊಟ್ಟೂರಿನ ಮಿರ್ಚಿ ಬಗ್ಗೆ ಬೇರೆಯದೇ ಲೇಖನ ಬೇಕು. ಕಣ್ಣಲ್ಲಿ ನೀರು ಸುರಿಸಿಕೊಂಡು ವಾಪಸ್ ಬಂದರೆ ಮೀಟರು 0.3 ಆಂಪಿಯರ್ ತೋರಿಸುತ್ತಿತ್ತು. ನಿಂತ ಗಾಡಿ ಗಡಿಯಾರಕ್ಕೆ, ಅಲಾರಮ್ಮಿಗೆ ಒಂದಿಷ್ಟು ತಿನ್ನುವುದು ಸಹಜ, ಆದರೆ ಅದು 0.05ರ ಒಳಗಿರಬೇಕು. ಗಾಜಿಗೆ ಅಂಟಿಸಿದ್ದ ಡ್ಯಾಶ್‌ಕ್ಯಾಮಿನ ವೈರನ್ನು ಹುಡುಗ ಎಳೆದ. 0.03ಕ್ಕೆ ಇಳಿಯಿತು. ಹಗಲುರಾತ್ರಿ ಕಣ್ಣು ಬಿಟ್ಟುಕೊಂಡು ಕೂತಿದ್ದ ಆ ಕ್ಯಾಮರಾ ದಿನಕ್ಕೆ ಆರೇಳು ಆಂಪಿಯರ್-ಅವರ್ ಕುಡಿಯುತ್ತಿತ್ತು. 35 ಆಂಪಿಯರ್-ಅವರಿನ ಬ್ಯಾಟರಿ ಮೂರು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಬೆಂಗಳೂರಿನಲ್ಲಿ ವಾರವೆಲ್ಲ ನಿಂತು ಭಾನುವಾರ ತರಕಾರಿ ತರಲು ಹೋಗುವ ಕಾರಿಗೆ ಇನ್ನೇನು ಗತಿ?

ಹೊಸ ಬ್ಯಾಟರಿ ಅಲ್ಲೇ ಕೊಳ್ಳಬಹುದಿತ್ತು. ಆದರೆ ಅವನಲ್ಲಿದ್ದದ್ದರ ಪ್ಲಸ್ ಕಂಬ ಎಡಕ್ಕೆ, ನನ್ನ ಗಾಡಿಗೆ ಬೇಕಾದದ್ದು ಬಲಕ್ಕೆ. ಒಂದೇ ಅಳತೆ, ಒಂದೇ ಬೆಲೆ, ಆದರೆ ವೈರು ಎಟುಕುವುದಿಲ್ಲ. ಎಳೆದು ಹೊಂದಿಸುತ್ತೇನೆ ಎನ್ನದೆ, “ಹಡಗಲಿಯಾಗ ಸಿಗ್ತೈತ್ರಿ, ಅಲ್ಲಿತನಕ ಹಿಂಗ ಹೋಗ್ರಿ” ಎಂದು ಎರಡು ತಾಸು ಚಾರ್ಜಿಗೆ ಹಾಕಿಕೊಟ್ಟ ಆ ಹುಡುಗನ ವ್ಯಾಪಾರ ಬೆಳೆಯಲಿ.

ಚಾರ್ಜ್ ಆಗುವವರೆಗೆ ಮಾಮ ಹ್ಯಾಂಡಲ್ಲಿನ ಕಾಲದ ಕತೆ ತೆಗೆದರು. ಹಳೆಯ ಲಾರಿ, ಜೀಪುಗಳ ಮೂತಿಯಲ್ಲಿ ತೂತಿರುತ್ತಿತ್ತು. ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಎಂಜಿನ್ ಏಳುತ್ತಿತ್ತು. ಹಿಡಿಯುವಾಗ ಹೆಬ್ಬೆರಳು ಬೇರೆ ಬದಿಗೆ ಬರಬಾರದು, ಐದೂ ಬೆರಳು ಒಂದೇ ಬದಿ. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯುವುದಿಲ್ಲ. ಮಾಮ ಸ್ಟೂಲಿನ ಮೇಲೆ ಕೂತೇ ಗಾಳಿಯಲ್ಲಿ ಹಿಡಿದು ತೋರಿಸಿದರು. ಈ ಕಷ್ಟ ತಪ್ಪಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲ್ಯಾಕ್ ಕಾರಿಗೆ ಅವನ ವಿದ್ಯುತ್ ಸ್ಟಾರ್ಟರ್ ಬಂತು. ಎಂಜಿನ್ ತಿರುಗಿಸಲು ಭಾರಿ ಮೋಟರೇ ಬೇಕೆಂದು ಉಳಿದವರು ತಿಳಿದಿದ್ದಾಗ, ಬೇಕಾದ್ದು ಕೆಲವು ಸೆಕೆಂಡಿನ ಬಲ ಮಾತ್ರ, ಸಣ್ಣ ಮೋಟರಿಗೇ ಅಷ್ಟು ಹೊತ್ತು ಮಿತಿಮೀರಿ ಕರೆಂಟು ಕೊಟ್ಟರಾಯಿತು ಎಂದು ಹೊಳೆದದ್ದು ಅವನಿಗೆ. ಆ ಕರೆಂಟು ಕೊಡುವ ಸೀಸದ ಬ್ಯಾಟರಿ ಅದಕ್ಕೂ ಹಳೆಯದು, ಫ್ರಾನ್ಸಿನ ಗ್ಯಾಸ್ತೊನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ಇಷ್ಟು ವರ್ಷವಾದರೂ ನಮ್ಮ ಬಾನೆಟ್ಟಿನೊಳಗೆ ಅದೇ ಸೀಸ, ಅದೇ ಗಂಧಕಾಮ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನೆಂಟರ ಮನೆ ಬಹಳ. ಚಿಕ್ಕ ಹಗರಿಗೆ ಅಡ್ಡ ಕಟ್ಟಿದ ಮಾಲವಿ ಜಲಾಶಯ ಒಂದು ಕಡೆ, ತುಂಗಭದ್ರೆಯ ಹಿನ್ನೀರು ಇನ್ನೊಂದು ಕಡೆ. ಹಿನ್ನೀರಿಗೆ ಊರು ಬಿಟ್ಟುಬಂದವರ ಮಕ್ಕಳು ಮೊಮ್ಮಕ್ಕಳು ಈ ಸೀಮೆಯ ತುಂಬ ಇದ್ದಾರೆ. ಒಂದು ಮನೆಯ ಯಜಮಾನರು ಡ್ಯಾಮಿನ ಹೂಳಿನ ಮಾತು ತೆಗೆದರು. 1953ರಲ್ಲಿ ಕಟ್ಟು ಮುಗಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ತುಂಬಿದಾಗ ಅಳತೆಗೋಲು ಮಾತ್ರ ಅಂದಿನಂತೆ 1633 ಅಡಿಯನ್ನೇ ತೋರಿಸುತ್ತದೆ. ಮಾಮ ನನ್ನ ಕಡೆ ತಿರುಗಿ, “ನಿನ್ ಬ್ಯಾಟರೀನೂ ಇದ ನೋಡು,” ಎಂದರು. ವೋಲ್ಟು ಎಂಬುದು ಗೋಲಿನ ಗುರುತು, ಒಳಗಿನ ನೀರಲ್ಲ. ಬ್ಯಾಟರಿ ಖಾಲಿಯಾದಾಗಲೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ, ದಿನಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಜಾಗ ಹಿಡಿದು ಕೂರುತ್ತದೆ. ಅಂಥ ಬ್ಯಾಟರಿ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಬೆಳಿಗ್ಗೆ 12.6 ನೋಡಿ ನಂಬಿದವರು ಸಂಜೆ ತಳ್ಳುತ್ತಾರೆ.

ನಾವು ತಳ್ಳುವ ಹೊತ್ತು ಬಂದದ್ದು ಅಂಕಸಮುದ್ರದಲ್ಲಿ. 2024ರಲ್ಲಿ ಇಲ್ಲಿನ ಪಕ್ಷಿ ಸಂರಕ್ಷಣಾ ಮೀಸಲಿಗೆ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು. ಕೆರೆಯ ನಡುವಿನ ಜಾಲಿಮರಗಳ ಮೇಲೆ ಹಕ್ಕಿಗಳ ಸಂತೆ. ನೋಡಿ ಬಂದು ಕೀ ತಿರುವಿದರೆ ಟಕ್ ಟಕ್ ಕೂಡ ಇಲ್ಲ, ಬರೀ ಒಂದು ಕ್ಷೀಣ ಸಪ್ಪಳ. ದಾರಿಹೋಕ ಲಾರಿಯ ಡ್ರೈವರು ನಿಲ್ಲಿಸಿ, ಕೇಬಲ್ ಐತಿ, ನಮ್ಮ ಗಾಡಿಯಿಂದ ಕರೆಂಟ್ ಕೊಡ್ತೀನಿ ಎಂದ. ಮಾಮ ಕೈಮುಗಿದು ಬೇಡವೆಂದರು. ಲಾರಿಯದು 24 ವೋಲ್ಟ್. ಕೊಟ್ಟ ಕ್ಷಣ ಕಾರಿನ ಕಂಪ್ಯೂಟರ್ ಸುಟ್ಟುಹೋಗಬಹುದು. ಅವನ ಕೇಬಲನ್ನಷ್ಟೇ ಇಸಿದುಕೊಂಡು, ಹಿಂದೆ ಬಂದ ಟಾಟಾ ಏಸ್ ಗಾಡಿಯನ್ನು ನಿಲ್ಲಿಸಿದೆವು. ಅದು 12 ವೋಲ್ಟಿನದು.

ಕೆಂಪು ಕೇಬಲ್ಲಿನ ಒಂದು ತುದಿ ನಮ್ಮ ಪ್ಲಸ್ಸಿಗೆ, ಇನ್ನೊಂದು ಅದರ ಪ್ಲಸ್ಸಿಗೆ. ಕಪ್ಪಿನ ಒಂದು ತುದಿ ಅದರ ಮೈನಸ್ಸಿಗೆ. ಕೊನೆಯ ತುದಿಯನ್ನು ಡ್ರೈವರು ನಮ್ಮ ಬ್ಯಾಟರಿಯ ಮೈನಸ್ಸಿಗೆ ಹಾಕಲು ಹೋದಾಗ ಮಾಮ ತಡೆದು, ಬ್ಯಾಟರಿಯಿಂದ ದೂರ ಎಂಜಿನ್ನಿನ ಒಂದು ಗಟ್ಟಿ ಕಬ್ಬಿಣಕ್ಕೆ ಕಚ್ಚಿಸಿದರು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರೇ ಹಾರುತ್ತದೆ, ಅದು ಬ್ಯಾಟರಿಯ ಗ್ಯಾಸಿನ ಹತ್ತಿರ ಹಾರಬಾರದು. ಏಸ್ ಗಾಡಿಯನ್ನು ಐದು ನಿಮಿಷ ಓಡಿಸಿಟ್ಟು ಕೀ ತಿರುವಿದೆ. ಹತ್ತಿಕೊಂಡಿತು. ಬಿಚ್ಚುವಾಗ ಹಾಕಿದ್ದಕ್ಕೆ ಉಲ್ಟಾ ಕ್ರಮ. ಅಲ್ಲಿಂದ ಹಡಗಲಿ ಮುಟ್ಟುವವರೆಗೆ ಎಂಜಿನ್ ಆರಿಸಲಿಲ್ಲ. ಎರಡು ಮನೆಯವರು ರಸ್ತೆಗೇ ಬಂದು ಪತ್ರಿಕೆ ಇಸಿದುಕೊಂಡರು, ಕುಂಕುಮ ಕಿಟಕಿಯಲ್ಲೇ ಆಯಿತು.

ಹೂವಿನಹಡಗಲಿಯಲ್ಲಿ ಹೊತ್ತು ಮೂಡುವ ಮೊದಲೇ ಮಲ್ಲಿಗೆ ಮೊಗ್ಗಿನ ಗಂಟುಗಳು ಬಸ್ಸು ಹತ್ತುತ್ತವೆ. ಭೌಗೋಳಿಕ ಗುರುತು ಪಡೆದ ಮಲ್ಲಿಗೆ ಅದು. ಬ್ಯಾಟರಿ ಅಂಗಡಿ ತೆರೆಯುವಷ್ಟರಲ್ಲಿ ಅತ್ತೆಯ ತಂಗಿ ಒಂದು ಮಾರು ಕಟ್ಟಿ ಕಾರಿನ ಕನ್ನಡಿಗೆ ಇಳಿಬಿಟ್ಟಿದ್ದರು. ಅಂಗಡಿಯಲ್ಲಿ ಮಾಮ ಮೊದಲು ನೋಡಿದ್ದು ಬೆಲೆಯನ್ನಲ್ಲ, ತಯಾರಾದ ತಿಂಗಳನ್ನು. ಆರು ತಿಂಗಳು ಗೋದಾಮಿನ ಬಿಸಿಯಲ್ಲಿ ಕೂತ ‘ಹೊಸ’ ಬ್ಯಾಟರಿ ಅರ್ಧ ಹಳತಾಗಿರುತ್ತದೆ. ಮೊದಲು ತೋರಿಸಿದ್ದನ್ನು ಬೇಡವೆಂದು ಒಳಗಿನಿಂದ ಇನ್ನೊಂದು ತರಿಸಿ, ಮೀಟರ್ ಇಡಿಸಿ, 12.7 ನೋಡಿದ ಮೇಲೆ ವಾರಂಟಿ ಕಾರ್ಡಿಗೆ ಸೀಲು ಹಾಕಿಸಿದರು. ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಇಳಿಸುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಸೇರಬೇಕಾದ್ದು ನೋಂದಾಯಿತ ಮರುಬಳಕೆದಾರರನ್ನು, ಗುಜರಿಯವನ ಒಲೆಯನ್ನಲ್ಲ. ಸೀಸ ಕರಗಿಸುವ ಹೊಗೆ ಮಕ್ಕಳ ಮಿದುಳಿಗೆ ವಿಷ.

ಹರಪನಹಳ್ಳಿಯ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅಲ್ಲಿ ಕಾರು ಕೀ ಮುಟ್ಟಿದರೆ ಸಾಕು ಏಳುತ್ತಿತ್ತು. ಮಾಮನ ನೆಂಟರೊಬ್ಬರು ಹಳೆಯ ಲಗ್ನಪತ್ರಿಕೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಅದೇ ಮನೆ, ಅದೇ ಬಾಗಿಲು. ಒಂದು ಪತ್ರಿಕೆಯಲ್ಲಿ ಬಳ್ಳಾರಿ ಜಿಲ್ಲೆ, 1997ರ ನಂತರದ್ದರಲ್ಲಿ ದಾವಣಗೆರೆ ಜಿಲ್ಲೆ, ಇನ್ನೊಂದರಲ್ಲಿ ಮತ್ತೆ ಬಳ್ಳಾರಿ, ನಾವು ಕೊಟ್ಟದ್ದರಲ್ಲಿ ವಿಜಯನಗರ. ಪಾಳೇಗಾರರ ಊರು ಜಾಗ ಬಿಡದೆ ಇಷ್ಟು ಜಿಲ್ಲೆ ಸುತ್ತಿದೆ. ಸಂಜೆ ಬಾಗಳಿಗೆ ಹೋಗಿ ಹತ್ತನೇ ಶತಮಾನದ ಕಲ್ಲೇಶ್ವರ ಗುಡಿಯ ಕಡೆದ ಕಂಬಗಳ ನಡುವೆ ಕತ್ತಲಾಗುವವರೆಗೆ ಕೂತೆವು. ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕೆಂಬ ಚಿಂತೆಯಿರಲಿಲ್ಲ. ಹೊಸ ಬ್ಯಾಟರಿ, ಕೂಲಿ, ಚಾರ್ಜು ಎಲ್ಲ ಸೇರಿದರೂ ಬೆಂಗಳೂರಿನ ಆ ಚೀಟಿಯ ಅರ್ಧ ಆಗಲಿಲ್ಲ. ಸೆಲ್ಫ್ ಮೋಟರ್ ಇವತ್ತಿಗೂ ಅದೇ ಇದೆ.

ಬೇಸಿಗೆಯಲ್ಲಿ ಈ ಕಡೆ ಬರುವವರಿಗೆ ಒಂದು ಮಾತು. ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಹೊರಡುವ ಮೊದಲೇ ಒಂದು ಸಲ ಮೀಟರ್ ಇಡಿಸಿ. ನಿಂತಾಗ, ಸ್ಟಾರ್ಟ್ ಮಾಡುವಾಗ, ಓಡುವಾಗ, ಮೂರೂ ಅಂಕಿ ಬರೆದುಕೊಳ್ಳಿ. ಡಿಕ್ಕಿಯಲ್ಲಿ ಒಂದು ಜೊತೆ ದಪ್ಪ ತಾಮ್ರದ ಜಂಪರ್ ಕೇಬಲ್ಲು, ಹತ್ತನೇ ನಂಬರಿನ ಒಂದು ಸ್ಪ್ಯಾನರು ಇರಲಿ. ಲಾರಿಯವರು ಎಷ್ಟೇ ಪ್ರೀತಿಯಿಂದ ಕರೆಂಟು ಕೊಡುತ್ತೇವೆಂದರೂ ಬೇಡವೆನ್ನಿ.